ಮಣ್ಣಿಲ್ಲದ ಹದ

ಮಕ್ತಲದ ನಮ್ಮ ಮನೆಯಲ್ಲಿ ಉಗ್ರಾಣದ ಕೋಣೆ ಎಂದು ಒಂದಿದೆ. ತಂದೆಯವರ ಕಾಲದಲ್ಲಿ ಅಲ್ಲಿ ಜೋಳದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ಹೊಲ ಹೋಯಿತು, ಚೀಲಗಳೂ ಹೋದವು. ಈಗ ಆ ಕಟ್ಟೆಯ ಮೇಲೆ ಮೂರು ಬಕೀಟುಗಳಿವೆ. ಅವುಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಉದ್ದನೆಯ ಎಲ್‌ಇಡಿ ದೀಪವೊಂದು ತೂಗುತ್ತದೆ. ಬೆಳಿಗ್ಗೆ ಐದಕ್ಕೆ ಹೊತ್ತಿಕೊಂಡು ಸಂಜೆ ಏಳಕ್ಕೆ ಆರುತ್ತದೆ. ಬಕೀಟಿನ ಮುಚ್ಚಳದ ತೂತುಗಳಿಂದ ತಲೆ ಹೊರಹಾಕಿ ನಿಂತ ಹಸಿರು ಎಲೆಗಳನ್ನು ಕಂಡವರು ಕೇಳುವ ಮೊದಲ ಪ್ರಶ್ನೆ ಒಂದೇ:

"ಸಾರೂ, ಇದು ಕೊತಂಬ್ರಿ ಅಲ್ಲೇನ್ರಿ? ಮನಿ ಒಳಗ ಲೈಟ್ ಹಾಕಿ ಯಾಕ ಬೆಳಸ್ಲಿಕತ್ತೀರಿ?"

ನಮ್ಮ ಕಡೆ ಮೇಷ್ಟ್ರನ್ನು 'ಸಾರು' ಎನ್ನುವುದು ರೂಢಿ. ತೆಲುಗಿನವರ ಬಾಯಿಂದ ಬಂದದ್ದು. ಕಾಸರಗೋಡಿನ ಓದುಗರು ಅನ್ನಕ್ಕೆ ಕಲಸಿಕೊಳ್ಳುವ ಸಾರಿಗೂ ನನಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೃಷ್ಣಾ ನದಿಯ ಈ ದಡದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಕೊತ್ತಂಬರಿಗೂ ಈ ಗಿಡಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಈಗಲೂ ಮೇಷ್ಟ್ರ ಗತ್ತಿನಲ್ಲೇ ಹೊರಡುತ್ತೇನೆ. ಇದು ಪಾರ್ಸ್ಲಿ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಬಡೇಸೋಪು, ಗಜ್ಜರಿ, ಇವೆಲ್ಲ ಒಂದೇ ಕುಟುಂಬದವು. ಪಾರ್ಸ್ಲಿಯೂ ಅದೇ ಮನೆಯ ಕೂಸು. ಮೂಲ ಮೆಡಿಟರೇನಿಯನ್ ಸಮುದ್ರದ ತೀರ. ಎಲೆ ನೋಡಿದರೆ ಕೊತ್ತಂಬರಿಯೇ, ಮೂಸಿ ನೋಡಿದರೆ ಅಲ್ಲ. ಕೊತ್ತಂಬರಿಗೆ ನಮ್ಮ ಮೂರೂ ಭಾಷೆಗಳಲ್ಲಿ ಹೆಸರುಂಟು. ತೆಲುಗರು ಕೊತ್ತಿಮೀರ ಎನ್ನುತ್ತಾರೆ, ಮಲಯಾಳದವರು ಮಲ್ಲಿ ಎನ್ನುತ್ತಾರೆ. ಪಾರ್ಸ್ಲಿಗೆ ಮಾತ್ರ ಮೂವರಲ್ಲಿ ಯಾರೂ ಇನ್ನೂ ನಾಮಕರಣ ಮಾಡಿಲ್ಲ.

ಅದು ನಮ್ಮ ಮನೆಗೆ ಬಂದದ್ದು ಅರಬರ ಹೆಸರು ಹೊತ್ತು. 2022ರಲ್ಲಿ ಶಾರ್ಜಾದಿಂದ ರಜೆಗೆ ಬಂದ ಮಗ ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಕಟ್ಟು ಸೊಪ್ಪು ತಂದಿದ್ದ. "ಇದು ಬಕ್ದುನಿಸ್, ಅಪ್ಪಾ" ಎಂದ. ಅವನಿಗೆ ಅದನ್ನು ತಿನ್ನಲು ಕಲಿಸಿದವನು ಅವನ ಜೊತೆ ಕೋಣೆ ಹಂಚಿಕೊಂಡಿದ್ದ ಮಂಜೇಶ್ವರದ ಹುಡುಗ. ಹೊರಗೆ ಮಲಯಾಳ, ನಮ್ಮವನ ಜೊತೆ ಕನ್ನಡ, ಊರಿನವರ ಜೊತೆ ತುಳು. ಆ ಹುಡುಗನ ಒತ್ತಾಯಕ್ಕೇ ಈ ಬರಹವನ್ನು ನಿಮ್ಮ ಸಂಚಿಕೆಗೆ ಕಳಿಸುತ್ತಿದ್ದೇನೆ.

ನನ್ನ ಹೆಂಡತಿಗೆ 2013ರಲ್ಲಿ ಹೈದರಾಬಾದಿನಲ್ಲಿ ಹೃದಯದ ಕವಾಟ ಬದಲಿಸಿದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಒಳಗೊಳಗೇ ಕವಾಟವನ್ನು ತಿಂದುಹಾಕಿತ್ತು. ಈಗಿರುವುದು ಲೋಹದ ಕವಾಟ. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಅದರ ಟಿಕ್ ಟಿಕ್ ನನಗೆ ಕೇಳಿಸುತ್ತದೆ. ಕೇಳಿಸಿದರೇ ನನಗೆ ನಿದ್ದೆ. ಅಂದಿನಿಂದ ಉಪ್ಪು ಕಡಿಮೆ. ಪುಂಡಿಪಲ್ಲೆಯೂ ಹಸಿಮೆಣಸಿನಕಾಯಿ ಖಾರವೂ ಇಲ್ಲದೆ ಊಟವನ್ನು ಊಟವೆಂದೇ ಎಣಿಸದ ಸೀಮೆ ನಮ್ಮದು. ಅಂಥಲ್ಲಿ ಆಕೆ ಹತ್ತು ವರ್ಷ ಸಪ್ಪೆ ರೊಟ್ಟಿ, ಸಪ್ಪೆ ಬೇಳೆ ತಿಂದಳು. ಆ ದಿನ ಮಗ ಆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಸೌತೆ, ಟೊಮೆಟೊ, ನೆನೆಸಿದ ಗೋಧಿನುಚ್ಚು, ನಿಂಬೆರಸ ಬೆರೆಸಿ ತಬ್ಬೂಲೆ ಎಂದು ಮಾಡಿಕೊಟ್ಟ. ಆಕೆ ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪ್ಪಿಲ್ಲ ಅನ್ನೋದ ಗೊತ್ತಾಗವಲ್ದು" ಎಂದಳು. ಆ ಮಾತಿಗೆ ನಾನು ಸೋತೆ. ಮಗ ವಿಮಾನ ಹತ್ತಿದ ಮರುದಿನವೇ ಬೀಜ ತರಿಸಿದೆ.

ಮೊದಲು ಕುಂಡದಲ್ಲೇ ಹಾಕಿದೆ. ಏಪ್ರಿಲ್ ತಿಂಗಳು. ಪಾರ್ಸ್ಲಿಯ ಬೀಜ ಮೊಳೆಯಲು ಎರಡು ವಾರದಿಂದ ನಾಲ್ಕು ವಾರ ಬೇಕು; ಅದು ನೆಲದಿಂದ ಮೇಲೆ ಬರುವ ಮೊದಲು ಒಂಬತ್ತು ಸಲ ಸೈತಾನನ ಬಳಿ ಹೋಗಿಬರುತ್ತದೆ ಎಂದು ಇಂಗ್ಲೆಂಡಿನ ಹಳ್ಳಿಗರು ಆಡಿಕೊಳ್ಳುತ್ತಿದ್ದರಂತೆ. ನಮ್ಮ ಬೀಜಗಳು ಅಷ್ಟು ದೂರ ಹೋಗಲಿಲ್ಲ, ಇರುವೆಗಳ ಮನೆಗೆ ಹೋದವು. ಉಳಿದು ಮೊಳೆತ ನಾಲ್ಕು ಸಸಿಗಳನ್ನು ಮೇ ತಿಂಗಳ ಬಿಸಿಲು ಒಂದೇ ಮಧ್ಯಾಹ್ನದಲ್ಲಿ ಹುರಿದುಹಾಕಿತು. ಸುದ್ದಿ ಕೇಳಿದ ಮಗ ಒಂದು ಪೆಟ್ಟಿಗೆ ಕಳಿಸಿದ. ಅದರೊಳಗೆ ದೀಪ, ಬುಟ್ಟಿಯಂಥ ಪುಟ್ಟ ಕುಂಡಗಳು, ಸ್ಪಂಜಿನ ತುಂಡುಗಳು, ಎ ಮತ್ತು ಬಿ ಎಂದು ಗುರುತು ಹಾಕಿದ ಎರಡು ಸೀಸೆ ಗೊಬ್ಬರ. ಮಣ್ಣು ಬೇಡ, ನೀರು ಸಾಕು, ಮನೆಯೊಳಗೇ ಬೆಳೆಯುತ್ತದೆ ಎಂದು ಪತ್ರ.

ಮಣ್ಣಿಲ್ಲದೆ ಬೆಳೆಯುವುದು ಹೊಸತೇನಲ್ಲ. ಗಿಡಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿಕೊಟ್ಟರೆ ಮಣ್ಣಿನ ಹಂಗಿಲ್ಲದೆ ಅದು ಬೆಳೆಯುತ್ತದೆಂದು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ 1860ರ ಸುಮಾರಿಗೇ ತೋರಿಸಿದ್ದರು. ಅದನ್ನು ಪ್ರಯೋಗಾಲಯದಿಂದ ಹೊರಗೆ ತಂದು, ಟೊಮೆಟೊ ಬೆಳೆದು, 1937ರಲ್ಲಿ ಹೈಡ್ರೋಪೋನಿಕ್ಸ್ ಎಂದು ಹೆಸರು ಚಲಾವಣೆಗೆ ತಂದವನು ಕ್ಯಾಲಿಫೋರ್ನಿಯಾದ ಗೆರಿಕ್. ನಮ್ಮ ದೇಶಕ್ಕೂ ಅದು ಬೇಗನೇ ಬಂತು. 1946ರ ಹೊತ್ತಿಗೆ ಬಂಗಾಳದಲ್ಲಿ ಶೋಲ್ಟೋ ಡಗ್ಲಾಸ್ ಎಂಬಾತ ಬಡವರಿಗೂ ಎಟುಕುವಂತೆ ಜಲ್ಲಿ, ಮರಳು, ಬಕೀಟು ಇಷ್ಟರಲ್ಲೇ ಬೆಳೆಯುವ ಪ್ರಯೋಗಗಳನ್ನು ನಡೆಸಿದ. ಅದಕ್ಕೆ ಬಂಗಾಳ ಪದ್ಧತಿ ಎಂದೇ ಹೆಸರಾಯಿತು. ಆದರೂ ಪೆಟ್ಟಿಗೆಯನ್ನು ಬಿಚ್ಚುವಾಗ ನನಗೆ ಒಂದು ಬಗೆಯ ಸಂಕೋಚ. ನನ್ನ ತಂದೆ ಎರೆಹೊಲದ ರೈತ. ಹಿಂಗಾರಿ ಬಿಳಿಜೋಳ ಬಿತ್ತುವ ಮೊದಲು ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮುವರು. ಕೈಬಿಟ್ಟಾಗ ಉಂಡೆ ಅಂಟಲೂಬಾರದು, ಪುಡಿಯಾಗಲೂಬಾರದು. "ಹದ ಐತಿ" ಎಂದರೆ ಕೂರಿಗೆ ಕಟ್ಟಬಹುದು. ಪಕ್ಕದ ತೆಲುಗು ರೈತ ಅದನ್ನೇ 'ಪದುನು' ಎನ್ನುತ್ತಿದ್ದ. ಮಲಯಾಳದಲ್ಲಿ ಇಂಥ ಹೊತ್ತಿಗೆ 'ಪರುವಂ' ಎನ್ನುತ್ತಾರೆಂದು ಮಂಜೇಶ್ವರದ ಹುಡುಗ ಹೇಳಿದ. ಅಂಥ ತಂದೆಯ ಮಗ ಸ್ಪಂಜಿನಲ್ಲಿ ಬೀಜ ಬಿತ್ತಲು ಹೊರಟಿದ್ದೆ.

ಬೀಜಗಳನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ತುಂಡಿಗೆ ಮೂರರಂತೆ ಇಟ್ಟು, ಒದ್ದೆ ಬಟ್ಟೆ ಮುಚ್ಚಿ ಕಾದೆ. ಹದಿನೇಳನೆಯ ದಿನ ಬಿಳಿಯ ಕೊಂಡಿಯಂಥದೊಂದು ಕಾಣಿಸಿತು. ಇಲ್ಲಿ ಒಂದು ಮಾತು ಹೇಳಬೇಕು: ಪಾರ್ಸ್ಲಿಯ ಬೀಜ ಬೇಗ ಹಳತಾಗುತ್ತದೆ, ಹಳೆಯ ಬೀಜಕ್ಕೆ ಎಷ್ಟು ಕಾದರೂ ವ್ಯರ್ಥ. ಎರಡು ವಾರ ದಾಟಿತೆಂದು ಹೊಸ ಬೀಜವನ್ನು ಎಸೆಯಲೂಬಾರದು. ಮೊಳೆತ ಮೇಲೆ ದೀಪದಡಿ ಇಟ್ಟೆ. ಮೊದಲ ಎರಡು ಎಲೆ, ಆಮೇಲೆ ಹಲ್ಲುಹಲ್ಲಾದ ನಿಜವಾದ ಎಲೆ. ಐದನೆಯ ವಾರಕ್ಕೆ ಸಸಿಗಳು ಬೆರಳುದ್ದವಾದವು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಆರನೆಯ ವಾರ ಎಲೆಗಳು ಹಳದಿಯಾಗತೊಡಗಿದವು.

ಹಳದಿ ಎಂದರೆ ಮುದಿ ಎಲೆಯ ಹಳದಿಯಲ್ಲ. ಹೊಸ ಎಲೆಗಳೇ ಹಳದಿ. ನರಗಳು ಮಾತ್ರ ಹಸಿರಾಗಿ ಬಲೆಯ ಹಾಗೆ ಎದ್ದು ಕಾಣುತ್ತಿದ್ದವು. ಹಸಿವಿರಬೇಕೆಂದು ಗೊಬ್ಬರ ಹೆಚ್ಚಿಸಿದೆ. ಎಲೆಯ ತುದಿ ಸುಟ್ಟವು. ನೀರು ಬದಲಿಸಿದೆ, ನಾಲ್ಕು ದಿನಕ್ಕೆ ಮತ್ತೆ ಅದೇ. ಗೊಬ್ಬರ ಮುಗಿಯಿತೆಂದು ನಾರಾಯಣಪೇಟೆಯ ಅಕ್ಕನ ಮನೆಗೆ ಹೋದಾಗ ಅಲ್ಲಿಯ ಗೊಬ್ಬರದ ಅಂಗಡಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಕೇಳಿದೆ. ಅಂಗಡಿಯವನು "ಎಷ್ಟು ಎಕರೆ, ಸಾರು?" ಎಂದು ತೆಲುಗಿನಲ್ಲಿ ಕೇಳಿದ. "ಮೂರು ಬಕೀಟು" ಎಂದೆ. ಇಪ್ಪತ್ತೈದು ಕಿಲೋ ಚೀಲದ ಮೇಲೆ ಕೈಯಿಟ್ಟು ನಿಂತವನು ನಕ್ಕು, ಒಡೆದ ಚೀಲವೊಂದರಿಂದ ಅರ್ಧ ಕಿಲೋ ಕಟ್ಟಿಕೊಟ್ಟ. ನೀರಿನಲ್ಲಿ ಕರಗುವ ಹತ್ತೊಂಬತ್ತು-ಹತ್ತೊಂಬತ್ತು-ಹತ್ತೊಂಬತ್ತು, ಮೆಗ್ನೀಸಿಯಂ ಸಲ್ಫೇಟು, ಸೂಕ್ಷ್ಮ ಪೋಷಕಗಳ ಪೊಟ್ಟಣವನ್ನೂ ತಂದೆ. ಮನೆಗೆ ಬಂದು ಎಲ್ಲವನ್ನೂ ಒಂದೇ ಚೊಂಬಿನಲ್ಲಿ ಗಟ್ಟಿಯಾಗಿ ಕದಡಿದೆ. ನೋಡುನೋಡುತ್ತಲೇ ತಳದಲ್ಲಿ ಸುಣ್ಣದಂಥ ಬಿಳಿ ಮಡ್ಡಿ ಕೂತಿತು. ಎರಡು ಸೀಸೆ ಯಾಕೆ ಬೇರೆಬೇರೆ ಇದ್ದವೆಂದು ಆಗ ಹೊಳೆಯಿತು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಮ್ಮಿಗೂ ಫಾಸ್ಫೇಟು, ಸಲ್ಫೇಟುಗಳಿಗೂ ಒಗ್ಗುವುದಿಲ್ಲ. ಮುಖಾಮುಖಿಯಾದರೆ ಗಂಟು ಕಟ್ಟಿ ತಳಕ್ಕಿಳಿಯುತ್ತವೆ, ಗಿಡಕ್ಕೆ ದಕ್ಕುವುದಿಲ್ಲ. ಒಂದನ್ನು ನೀರಿನಲ್ಲಿ ಚೆನ್ನಾಗಿ ತೆಳ್ಳಗೆ ಕಲಸಿದ ಮೇಲೆಯೇ ಇನ್ನೊಂದನ್ನು ಸೇರಿಸಬೇಕು.

ನನ್ನ ಬೀಗರು ಗದ್ವಾಲದಲ್ಲಿದ್ದಾರೆ, ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರು. ಮನೆಮಾತು ತೆಲುಗು. ನನ್ನ ಜೊತೆ ಕನ್ನಡ ಬೆರೆಸಿ ಮಾತಾಡುತ್ತಾರೆ. ಮಗಳನ್ನು ನೋಡಿದ ಹಾಗೂ ಆಯಿತೆಂದು ಒಂದು ಸೀಸೆಯಲ್ಲಿ ಬೋರಿನ ನೀರು, ಒಂದು ಚೀಲದಲ್ಲಿ ಹಳದಿ ಎಲೆ ಹಿಡಿದು ಹೊರಟೆ. ಜೂರಾಲದ ಅಣೆಕಟ್ಟೆಯ ಮೇಲಿನ ರಸ್ತೆಯಲ್ಲಿ ಹೋಗುವಾಗ ಎಡಬಲಕ್ಕೆ ಕೃಷ್ಣೆ. ತಂಗಡಗಿಯ ಬಳಿ ಭೀಮೆಯನ್ನು ಕೂಡಿಕೊಂಡು ಅಷ್ಟು ನೀರು ಹೊತ್ತು ತರುವ ಹೊಳೆಯ ಪಕ್ಕದಲ್ಲಿದ್ದೂ ನಾನು ಸೀಸೆಯಲ್ಲಿ ನೀರು ಹಿಡಿದುಕೊಂಡು ಊರೂರು ಅಲೆಯುತ್ತಿದ್ದೇನಲ್ಲ ಎಂದು ನಗು ಬಂತು.

ಬೀಗರು ನೀರಿಗೆ ಪೆನ್ನಿನಂಥ ಮೀಟರನ್ನು ಅದ್ದಿದರು. ವಿದ್ಯುದ್ವಾಹಕತೆ 1.6 ತೋರಿಸಿತು. ಇನ್ನೊಂದನ್ನು ಅದ್ದಿದರು. ಪಿಎಚ್ 8.1.

"ಬೀಗರೇ, ಪಾರ್ಸ್ಲಿಗೆ ಗೊಬ್ಬರ ಸೇರಿಸಿದ ಮೇಲೆ ಇರಬೇಕಾದ್ದು 0.8ರಿಂದ 1.8. ನಿಮ್ಮ ಬೋರಿನ ನೀರು ಗೊಬ್ಬರಕ್ಕೆ ಮುಂಚೆಯೇ 1.6 ಇದೆ. ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸುತ್ತಿದ್ದೀರಿ. ತುಂಬಿದ್ದೂ ಅನ್ನವಲ್ಲ, ಸುಣ್ಣ" ಎಂದರು.

ಪಿಎಚ್ ವಿಷಯವನ್ನು ಅವರು ಇನ್ನೂ ಚೆನ್ನಾಗಿ ತಿಳಿಸಿದರು. ನೀರಿನಲ್ಲಿ ಬೆಳೆಯುವ ಪಾರ್ಸ್ಲಿಗೆ 5.5ರಿಂದ 6.5ರೊಳಗೆ, ಎಂದರೆ ಸ್ವಲ್ಪ ಹುಳಿಯ ಕಡೆ, ನೀರು ಇರಬೇಕು. ನಮ್ಮ ಗಡಸು ನೀರಿನ ಬೈಕಾರ್ಬನೇಟು ಅದನ್ನು ಎಂಟರ ಮೇಲಕ್ಕೆ ಎಳೆಯುತ್ತದೆ. ಅಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ಬಕೀಟಿನಲ್ಲಿ ಕಬ್ಬಿಣವಿದ್ದೂ ಬೇರಿಗೆ ಸಿಗದು. ಕಬ್ಬಿಣ ಒಂದು ಎಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಹರಿಯುವಂಥದಲ್ಲ, ಆದ್ದರಿಂದ ಹಳೆಯ ಎಲೆ ಹಸಿರಾಗಿದ್ದು ಹೊಸ ಎಲೆ ಹಳದಿಯಾಗುತ್ತದೆ. ನಾನು ಅಡ್ಡಮಾತು ತೆಗೆದೆ: "ಇದೇ ನೀರು ಹಾಕಿ ನಮ್ಮವ್ವ ಹಿತ್ತಲಲ್ಲಿ ಐವತ್ತು ವರ್ಷ ಕೊತಂಬ್ರಿ ಬೆಳೆದಳಲ್ಲ?"

"ಅಲ್ಲಿ ಮಣ್ಣಿತ್ತು" ಎಂದರು ಬೀಗರು. "ಹೆಚ್ಚಾದದ್ದನ್ನು ಮಣ್ಣು ತನ್ನ ಕಣಕ್ಕೆ ಅಂಟಿಸಿಕೊಂಡು ಇಟ್ಟುಕೊಳ್ಳುತ್ತದೆ, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹುಳ, ಬೇರು, ಕೊಳೆತ ಎಲೆ ಎಲ್ಲ ಸೇರಿ ಹುಳಿ ಹುಟ್ಟಿಸುತ್ತವೆ. ನೀವು ಮಾಡುವ ತಪ್ಪನ್ನು ಮಣ್ಣು ಎಷ್ಟೋ ದಿನ ಮುಚ್ಚಿಕೊಳ್ಳುತ್ತದೆ. ಈ ಬಕೀಟಿನಲ್ಲಿ ಮುಚ್ಚಿಕೊಳ್ಳುವವರು ಯಾರೂ ಇಲ್ಲ. ಆ ಮಣ್ಣಿನ ಕೆಲಸ ಈಗ ನೀವು ಮಾಡಬೇಕು."

ಊರಿಗೆ ವಾಪಸಾಗುವಾಗ ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಹದ ಎನ್ನುವುದು ಹೊಲದಲ್ಲಿ ತಾನಾಗಿ ಬರುವುದು, ರೈತ ಅದನ್ನು ಗುರುತಿಸಿದರೆ ಸಾಕು ಎಂದುಕೊಂಡಿದ್ದೆ. ಮಣ್ಣಿಲ್ಲದಲ್ಲಿ ಹದವೂ ಇರುವುದಿಲ್ಲ. ದಿನದಿನ ಅದನ್ನು ಕೈಯಾರೆ ಮಾಡಬೇಕು.

ಮಾಡಲು ಹೊರಟೆ. ಪಿಎಚ್ ಇಳಿಸಲು ನಿಂಬೆಹಣ್ಣು ಹಿಂಡಿದೆ. ಸಂಜೆ 6 ಇದ್ದದ್ದು ಮೂರನೆಯ ಬೆಳಿಗ್ಗೆ ಮತ್ತೆ 8ರ ಹತ್ತಿರ. ನಿಂಬೆಯ ಹುಳಿಯನ್ನು ನೀರಿನಲ್ಲಿರುವ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಅದು ನಿಲ್ಲುವ ಉಪಾಯವಲ್ಲ. ಕೊನೆಗೆ ನೀರನ್ನೇ ಬದಲಿಸಿದೆ. ಈಗ ತೆಲಂಗಾಣದಲ್ಲಿ ಬಹಳ ಊರುಗಳಲ್ಲಿ ಶುದ್ಧ ನೀರಿನ ಘಟಕಗಳಿವೆ, ಇಪ್ಪತ್ತು ಲೀಟರಿನ ಕ್ಯಾನು ಸಿಗುತ್ತದೆ. ಅದರ ವಾಹಕತೆ 0.1. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬುತ್ತೇನೆ. ಇಂಥ ಬರಿಯ ನೀರಿನಲ್ಲಿ ಸುಣ್ಣವೂ ಇಲ್ಲವಾದ್ದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮರೆಯದೆ ಹಾಕಬೇಕು. ಸಸಿಗೆ 0.8, ಬೆಳೆದ ಗಿಡಕ್ಕೆ 1.4. ಅದಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಹತ್ತು ದಿನದಲ್ಲಿ ಹೊಸ ಎಲೆಗಳು ಹಸಿರಾಗಿ ಬಂದವು. ಹಳದಿಯಾದವು ಕೊನೆಯವರೆಗೂ ಹಳದಿಯೇ.

ಬೇಸಿಗೆ ಇನ್ನೊಂದು ಪಾಠ ಕಲಿಸಿತು. ಕೋಣೆಯೊಳಗಿದ್ದರೂ ಬಕೀಟಿನ ನೀರು 33 ಡಿಗ್ರಿಗೆ ಏರಿತು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಬೇರು ಉಸಿರು ಕಟ್ಟಿ ಕಂದಾಗಿ ಲೋಳೆಯಾಗುತ್ತದೆ, ಕೊಳೆರೋಗ ಹಿಡಿಯುತ್ತದೆ. ಆರೋಗ್ಯವಂತ ಬೇರು ಬಿಳಿಯದು, ಮೂಸಿದರೆ ಕೆಟ್ಟ ವಾಸನೆ ಇರುವುದಿಲ್ಲ. ಎಲೆ ನೋಡುವ ಮೊದಲು ಬೇರು ನೋಡಬೇಕೆಂದು ಆಗ ಕಲಿತೆ. ಬಕೀಟಿಗೆ ಒದ್ದೆ ಗೋಣಿಚೀಲ ಸುತ್ತಿ, ಅದರ ತುದಿಯನ್ನು ನೀರಿನ ತಟ್ಟೆಯಲ್ಲಿ ಇಳಿಬಿಟ್ಟೆ. ಗಡಿಗೆಯ ನೀರು ತಣ್ಣಗಾಗುವ ಉಪಾಯವೇ. ಆರೇಳು ಡಿಗ್ರಿ ಇಳಿಯಿತು. ಗಾಳಿ ಊದುವ ಪಂಪು ನಾನು ಇಟ್ಟಿಲ್ಲ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬ ವಿಜ್ಞಾನಿ ತೋರಿಸಿದ ದಾರಿಯೊಂದಿದೆ: ನೀರನ್ನು ಮೇಲಿನವರೆಗೆ ತುಂಬದೆ ಬಿಟ್ಟರೆ, ಗಿಡ ಕುಡಿದಂತೆ ಮಟ್ಟ ಇಳಿದು, ಮೇಲಿನ ಬೇರು ಗಾಳಿಯಲ್ಲಿ, ಕೆಳಗಿನದು ನೀರಿನಲ್ಲಿ ಉಳಿಯುತ್ತದೆ. ಮತ್ತೆ ತುಂಬುವಾಗ ಕಂಠಪೂರ್ತಿ ತುಂಬಬಾರದು. ಬೆಳಕು ನೀರಿಗೆ ತಾಗಿದರೆ ಪಾಚಿ ಬೆಳೆಯುವುದರಿಂದ ಬಕೀಟಿಗೆ ಒಳಗೆ ಕಪ್ಪು, ಹೊರಗೆ ಬಿಳಿ ಕಾಗದ ಸುತ್ತಿದ್ದೇನೆ. ಕೊಯ್ಯುವಾಗ ಹೊರಗಿನ ಕಾಂಡಗಳನ್ನು ಬುಡದಲ್ಲೇ ಕತ್ತರಿಸುವುದು. ನಡುವಿನ ಸುಳಿಯನ್ನು ಮುಟ್ಟಬಾರದು. ಒಮ್ಮೆಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಹೀಗೆ ನಡೆದುಕೊಂಡರೆ ಒಂದು ಗಿಡ ತಿಂಗಳುಗಟ್ಟಲೆ ಕೊಡುತ್ತದೆ.

ಇದೆಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ತಾರೀಕು, ವಾಹಕತೆ, ಪಿಎಚ್, ನೀರಿನ ಬಿಸಿ. ಹೆಂಡತಿ ಬಾಗಿಲಲ್ಲಿ ನಿಂತು, "ಅಲ್ರೀ, ಸಾಲಿ ಮಕ್ಕಳ ಹಾಜರಿ ಸೈತ ಇಷ್ಟು ಶಿಸ್ತಿಲೆ ತಗೊಂಡಿದ್ದಿಲ್ಲ ನೀವು" ಎನ್ನುತ್ತಿದ್ದಳು.

ಎರಡನೆಯ ಚಳಿಗಾಲದ ಹೊತ್ತಿಗೆ ಬಕೀಟು ಕಾಣದಷ್ಟು ಬೆಳೆಯಿತು. ಕಡುಹಸಿರು, ಮುರಿದರೆ ಟಕ್ಕೆನ್ನುವ ಕಾಂಡ. ಮೂರು ಮನೆಗೆ ಹಂಚಿದೆ. ಉಳಿದದ್ದೆಲ್ಲ ಆಕೆಗೆ. ಬೆಳಿಗ್ಗೆ ರೊಟ್ಟಿಯ ಜೊತೆ ಒಂದು ಹಿಡಿ, ರಾತ್ರಿ ತಬ್ಬೂಲೆ. ಅಂತೂ ಉಪ್ಪಿಲ್ಲದ ಊಟವನ್ನು ಆಕೆ ಖುಷಿಯಿಂದ ಉಣ್ಣುವುದನ್ನು ನೋಡುತ್ತ ಕೂರುವುದೇ ನನಗೆ ಕೆಲಸವಾಯಿತು. ಹೀಗೆ ಇಪ್ಪತ್ತು ದಿನ.

ಲೋಹದ ಕವಾಟ ಇರುವವರ ರಕ್ತ ಕವಾಟದ ಮೇಲೆ ಹೆಪ್ಪುಗಟ್ಟುವ ಭಯವಿರುತ್ತದೆ. ಅದಕ್ಕೆ ದಿನವೂ ವಾರ್ಫರಿನ್ ಮಾತ್ರೆ, ತಿಂಗಳಿಗೊಮ್ಮೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಆಕೆಗೆ ಹಾಕಿಕೊಟ್ಟ ಗೆರೆ 2.5ರಿಂದ 3.5. ಹತ್ತು ವರ್ಷ ಆ ಗೆರೆಯೊಳಗೇ ನಡೆದುಬಂದವಳು. ಆ ತಿಂಗಳು ರಾಯಚೂರಿನಲ್ಲಿ ಪರೀಕ್ಷೆ ಮಾಡಿಸಿದಾಗ 1.7 ಬಂತು.

ವೈದ್ಯರು ಚೀಟಿಯನ್ನು ಎರಡು ಸಲ ನೋಡಿದರು. "ಮಾತ್ರೆ ತಪ್ಪಿಸಿದಿರಾ ಅಮ್ಮಾ?" ಇಲ್ಲ. "ಬೇರೆ ಔಷಧಿ?" ಇಲ್ಲ. "ಊಟದಲ್ಲಿ ಏನಾದರೂ ಹೊಸದು?" ಆಕೆ ನನ್ನ ಮುಖ ನೋಡಿದಳು. ನಾನು ಹೆಮ್ಮೆಯಿಂದ ಹೇಳಬೇಕೆಂದುಕೊಂಡಿದ್ದ ಕಥೆಯನ್ನು ಕಳ್ಳನ ಹಾಗೆ ಹೇಳಿದೆ.

ಹಸಿರು ಸೊಪ್ಪುಗಳಲ್ಲಿರುವ ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ಬೇಕಾದದ್ದು. ಆ ಮಾತ್ರೆ ಕೆಲಸ ಮಾಡುವುದು ಅದಕ್ಕೆ ವಿರುದ್ಧವಾಗಿ. ಪಾರ್ಸ್ಲಿಯಂತೂ ಕೆ ಜೀವಸತ್ವದ ಉಗ್ರಾಣ: ನೂರು ಗ್ರಾಂ ಹಸಿ ಸೊಪ್ಪಿನಲ್ಲಿ 1,640 ಮೈಕ್ರೋಗ್ರಾಂ. ದೊಡ್ಡ ಹೆಂಗಸಿಗೆ ದಿನಕ್ಕೆ ಸಾಕೆನ್ನುವುದು ಸುಮಾರು 90. ಆಕೆ ತಿನ್ನುತ್ತಿದ್ದ ಇಪ್ಪತ್ತು ಗ್ರಾಮಿನಲ್ಲೇ ಮೂರು ದಿನಕ್ಕಾಗುವಷ್ಟಿತ್ತು. ನಾನು ಗಿಡದ ನೀರನ್ನು ದಿನಕ್ಕೆರಡು ಸಲ ಅಳೆದವನು, ತಟ್ಟೆಯಲ್ಲಿ ಬೀಳುತ್ತಿದ್ದ ಸೊಪ್ಪನ್ನು ಒಮ್ಮೆಯೂ ತೂಗಿರಲಿಲ್ಲ. ಗಿಡ ಆರೋಗ್ಯವಾಗಿದ್ದರೆ ತಿನ್ನುವವರೂ ಆರೋಗ್ಯವೇ ಎಂದು ನಂಬಿ ಕೂತಿದ್ದೆ. ಕೆಲವು ದಿನ ಚುಚ್ಚುಮದ್ದು, ವಾರಕ್ಕೊಮ್ಮೆ ಪರೀಕ್ಷೆ. ಆ ದಿನಗಳಲ್ಲಿ ರಾತ್ರಿ ಆಕೆಯ ಎದೆಯ ಟಿಕ್ ಟಿಕ್ ಕೇಳುತ್ತ ನಾನು ಎಚ್ಚರವಿರುತ್ತಿದ್ದೆ. ಸದ್ದು ಒಂಚೂರು ಮಂದವಾಯಿತೇ ಎಂದು ಎದ್ದು ಕೂರುವುದು, ಆಕೆ ಮಗ್ಗುಲು ಬದಲಿಸಿದ್ದಷ್ಟೇ ಎಂದು ಮತ್ತೆ ಮಲಗುವುದು.

ಮೂರನೆಯ ವಾರ 2.6 ಬಂದಾಗ ಮನೆಗೆ ಬಂದವನೇ ದೀಪ ಆರಿಸಿ, ಬಕೀಟುಗಳನ್ನು ಹಿತ್ತಲಿಗೆ ಸುರಿಯಲು ಎತ್ತಿದೆ. ಆಕೆ ತಡೆದಳು.

"ಎಲ್ಲಿಗ್ರೀ?"

"ಸಾಕು ಇದರ ಸಹವಾಸ."

"ಸೊಪ್ಪು ಏನ್ ತಪ್ಪು ಮಾಡೈತಿ? ಅದು ಬೆಳೆಯೋ ಹಂಗ ಬೆಳದೈತಿ. ಅಳತಿ ತಪ್ಪಿದೋರು ನಾವು. ಡಾಕ್ಟರು ಬಿಡು ಅಂದಿಲ್ಲ, ದಿನಾ ಒಂದ ಸಮ ತಿನ್ನು ಅಂದಾರ. ಇಡ್ರಿ ಕೆಳಗ."

ವೈದ್ಯರು ಹೇಳಿದ್ದು ನಿಜಕ್ಕೂ ಅದೇ. ಸೊಪ್ಪನ್ನು ಪೂರ್ತಿ ಬಿಡುವುದೂ ಸರಿಯಲ್ಲ; ಒಂದು ದಿನ ಹಿಡಿ, ಒಂದು ದಿನ ಏನೂ ಇಲ್ಲ ಎಂದಾದರೆ ಮಾತ್ರೆಯ ಲೆಕ್ಕ ಕೂರುವುದೇ ಇಲ್ಲ. ಸ್ವಲ್ಪವೇ ತಿನ್ನಿ, ದಿನವೂ ಅಷ್ಟೇ ತಿನ್ನಿ, ಮಾತ್ರೆಯನ್ನು ನಾನು ಅದಕ್ಕೆ ಹೊಂದಿಸುತ್ತೇನೆ ಎಂದಿದ್ದರು. ಇಂಥ ಮಾತ್ರೆ ನುಂಗುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರು ಪಾರ್ಸ್ಲಿಯನ್ನಷ್ಟೇ ಅಲ್ಲ, ಯಾವ ಹಸಿರು ಸೊಪ್ಪನ್ನಾದರೂ ಏಕಾಏಕಿ ಹೆಚ್ಚಿಸುವ ಮೊದಲು, ಏಕಾಏಕಿ ಬಿಡುವ ಮೊದಲೂ, ತಮ್ಮ ವೈದ್ಯರನ್ನು ಕೇಳಲಿ ಎಂಬುದಕ್ಕೇ ಇಷ್ಟು ವಿವರ ಬರೆದೆ.

ಅಂದಿನಿಂದ ನೋಟುಬುಕ್ಕಿನಲ್ಲಿ ಎರಡು ಕಲಮು ಹೆಚ್ಚಾದವು. ಒಂದು ಆಕೆ ತಿಂದ ಸೊಪ್ಪಿನ ತೂಕ, ಇನ್ನೊಂದು ತಿಂಗಳ ಐಎನ್‌ಆರ್. ಗಿಡದ ನೀರೂ ಆಕೆಯ ರಕ್ತವೂ ಒಂದೇ ಹಾಳೆಯಲ್ಲಿ ಬರುತ್ತವೆ.

ಆ ಹಾಳೆಗಳನ್ನು ಈಗ ಮೊಮ್ಮಗಳು ಬರೆಯುತ್ತಾಳೆ. ಗದ್ವಾಲದ ಮಗಳ ಮಗಳು, ಆರನೆಯ ತರಗತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಆಮೇಲೂ ಬಹಳ ವರ್ಷ ನಮಗೆ ಭಾಷೆಯ ಚಿಂತೆ ಹತ್ತಲಿಲ್ಲ. ಓಣಿ, ಸಂತೆ, ಬಾವಿಕಟ್ಟೆ, ರಾಯಚೂರಿನ ರೈಲು ಎಲ್ಲ ಸೇರಿ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿದ್ದವು. ನಾವು ಮನೆಯಲ್ಲಿ ಏನೂ ಮಾಡದಿದ್ದರೂ ನಡೆಯುತ್ತಿತ್ತು. ಕೃಷ್ಣಾ ಮಂಡಲದ ಊರುಗಳಲ್ಲಿ ಇಂದಿಗೂ ಕನ್ನಡದ ಓಣಿಗಳಿವೆ. ಈ ಮಗುವಿನ ಓಣಿಯಲ್ಲಿ ಇಲ್ಲ. ಬೀಗರನ್ನು ದೂರಲಾರೆ, ಅವರ ಮನೆಯ ತೆಲುಗು ಅವರಿಗೆ ಬೇಕು, ಮಗುವಿಗೂ ಬೇಕು. ಒಂದು ಬೇಸಿಗೆ ನಾನು ಮೇಷ್ಟ್ರಗಿರಿ ಮಾಡಿ ದಿನಕ್ಕೆ ಎರಡು ತಾಸು ಕಾಗುಣಿತ ತಿದ್ದಿಸಿದೆ. ನಾಲ್ಕನೆಯ ದಿನ ಆಕೆ ಜ್ವರವೆಂದು ಮಲಗಿದಳು. ಗೊಬ್ಬರ ಹೆಚ್ಚಾಗಿ ಸುಟ್ಟ ಎಲೆಯ ತುದಿ ನನಗೆ ಆಗ ನೆನಪಾಯಿತು. ಈಗ ರಜೆಗೆ ಬಂದಾಗ ಮೀಟರು ಅದ್ದುವುದು, ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಎರಡೇ ಎರಡು ಸಾಲು ಬರೆಯುವುದು, ಅಷ್ಟೇ ಆಕೆಯ ಕೆಲಸ. ಊರಿಗೆ ಹೋದ ಮೇಲೆ ಸಂಜೆ ಫೋನಿನಲ್ಲಿ "ತಾತಾ, ಇವತ್ತು ನೀರು ಎಷ್ಟು?" ಎಂದು ಕೇಳಿ ಅಲ್ಲಿಯೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. 'ಬೇರು ಬಿಳಿ ಇದೆ. ಅಜ್ಜಿ ಐದು ಗ್ರಾಂ ತಿಂದಳು.' ಇಷ್ಟು ಬರೆಯಲು ಆಕೆಗೆ ಎರಡು ವರ್ಷ ಹಿಡಿಯಿತು. ತಪ್ಪಿಲ್ಲದೆ ಬರೆಯುತ್ತಾಳೆ.

ಮಂಜೇಶ್ವರದ ಹುಡುಗ ಶಾರ್ಜಾ ಬಿಟ್ಟು ಊರಿಗೆ ಮರಳಿದ್ದಾನೆ. ತನ್ನ ತಾಯಿಯ ಮನೆಯಲ್ಲೂ ಪಾರ್ಸ್ಲಿ ಬೆಳೆಯಬೇಕೆಂದು ನನ್ನ ಲೆಕ್ಕವನ್ನು ಕೇಳಿ ಬರೆದಿದ್ದ. ಬೀಜ ಕಳಿಸಿದ್ದೇನೆ, ಲೆಕ್ಕ ಕಳಿಸಿಲ್ಲ. ನಮ್ಮದು ಸುಣ್ಣದ ನೀರು. ನಿಮ್ಮ ಜಂಬಿಟ್ಟಿಗೆ ಕಲ್ಲಿನ ಬಾವಿಗಳ ನೀರು ಮೃದು, ಹುಳಿಯ ಕಡೆಗೆ ವಾಲುವಂಥದು. ನಾವು ಇಳಿಸುವುದನ್ನು ನೀವು ಏರಿಸಬೇಕಾದೀತು. ನಮಗೆ ಬಿಸಿಯ ಭಯ, ನಿಮಗೆ ಮಳೆಗಾಲದ ತೇವ, ಬೂಷ್ಟು. ಗಾಳಿಯಾಡುವಂತೆ ಗಿಡಗಳನ್ನು ದೂರದೂರ ಇಡಬೇಕಾದೀತು. ಮೊದಲು ನಿಮ್ಮ ನೀರನ್ನು ಅಳೆಯಿರಿ ಎಂದಷ್ಟೇ ಬರೆದೆ.

ಇದನ್ನು ಬರೆಯುವ ಹೊತ್ತಿಗೆ ಬೆಳಗಿನ ಏಳು. ಉಗ್ರಾಣದಲ್ಲಿ ದೀಪ ಹೊತ್ತಿ ಎರಡು ತಾಸಾಯಿತು. ಆಕೆ ಬಂಗಾರದಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿಯನ್ನು ಕಟ್ಟೆಯ ಮೇಲಿಟ್ಟು, ಹೊರಗಿನ ಎರಡು ಕಾಂಡ ಕತ್ತರಿಸಿ ಎಲೆ ಬಿಡಿಸಿ ಹಾಕುತ್ತಿದ್ದಾಳೆ. ಇನ್ನೊಂದು ಕಡ್ಡಿಗೆ ನಾನು ಕೈ ಚಾಚಿದೆ.

"ಐದು ಗ್ರಾಂ ಆತು" ಎಂದಳು. "ಸಾಕು, ಬಿಡ್ರಿ."